ಶಾಲೆಯಂಗಳದ ಕತ್ತಿವರಸೆ

ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸಾರ್ವಜನಿಕರ ಶಾಲೆಯಲ್ಲ. ಕೈತುಂಬ ಶುಲ್ಕ ತೆರಬಲ್ಲವರ ಖಾಸಗಿ ಶಾಲೆ. ಹೆಸರೊಂದು, ಹುರುಳೊಂದು! ಈಟನ್, ಸೇಂಟ್ ಪಾಲ್ಸ್ ಮೊದಲಾದ ಇಂಥ ಶಾಲೆಗಳಲ್ಲಿ ಕ್ರಿಕೆಟ್ಟಿನಂತೆಯೇ ಕತ್ತಿವರಸೆಯೂ ಪಂದ್ಯದ ಆಟ. ದ್ವಂದ್ವಯುದ್ಧ ಅಳಿದರೂ ಅದರ ಮರ್ಯಾದೆ ಉಳಿದಿದೆ. ಸ್ಪರ್ಧಿಗಳು ಮೊದಲು ಪರಸ್ಪರ ವಂದಿಸಬೇಕು. ಸೋತವನೂ ಕೊನೆಗೆ ಕೈಕುಲುಕುವುದು ವಾಡಿಕೆ.

ಆಯುಧಗಳು ಮೂರು. ಫಾಯಿಲ್‌ನಲ್ಲಿ ಮುಖ್ಯವಾಗಿ ಮುಂಡವೇ ಗುರಿ, ತುದಿಯಿಂದ ಮಾತ್ರ ತಿವಿಯಬೇಕು. ಎಪೇಯಲ್ಲಿ ಅಡಿಯಿಂದ ಮುಡಿಯವರೆಗೆ ಎಲ್ಲವೂ ಗುರಿ. ಸೇಬರ್‌ನಲ್ಲಿ ಸೊಂಟದಿಂದ ಮೇಲಕ್ಕೆ ಅಲಗಿನಿಂದಲೂ ಹೊಡೆಯಬಹುದು. ಫಾಯಿಲ್ಲಿನ ತೂಕ 500 ಗ್ರಾಂ ಮುಟ್ಟುವಂತಿಲ್ಲ. ಭಾರವಿರುವುದು ಕತ್ತಿಯಲ್ಲಲ್ಲ, ಖರ್ಚಿನಲ್ಲಿ. ಮುಖಕ್ಕೆ ಜಾಲರಿ, ಮೈಗೆ ದಪ್ಪನೆಯ ಅಂಗಿ, ತಾಗಿದ್ದನ್ನು ದೀಪ ಬೆಳಗಿ ಸಾರುವ ವಿದ್ಯುತ್ ಯಂತ್ರ, ಇವೆಲ್ಲ ಬೇಕು. ಅಲಗುಗಳೋ, ಆಡಿದಷ್ಟೂ ಮುರಿಯುತ್ತವೆ.

ನಾರ್ತ್ ಫೋರ್‌ಲ್ಯಾಂಡ್ ಲಾಜ್ ಎಂಬ ಖಾಸಗಿ ವಸತಿಶಾಲೆಯಲ್ಲಿ ಓದುತ್ತಿದ್ದಾಗ ಗಿಲಿಯನ್ ಶೀನ್ ಎಂಬ ಬಾಲಿಕೆ ಫಾಯಿಲ್ ಹಿಡಿದಳು. ಮುಂದೆ ಆಕೆ ದಂತವೈದ್ಯೆಯಾದರು. ಕತ್ತಿಯನ್ನು ಮಾತ್ರ ಬಿಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ರುಮೇನಿಯದ ಓಲ್ಗಾ ಓರ್ಬನ್‌ರೊಡನೆ ಗೆಲವು ಸರಿಸಮವಾಯಿತು. ಮತ್ತೊಮ್ಮೆ ಇಬ್ಬರೂ ಎದುರುಬದುರಾದಾಗ ಶೀನ್ ಚಿನ್ನ ಗೆದ್ದರು. 2024ರ ಪ್ಯಾರಿಸ್ ಕ್ರೀಡೆಗಳು ಮುಗಿದ ಮೇಲೂ ಕತ್ತಿವರಸೆಯಲ್ಲಿ ಬ್ರಿಟನ್ನಿಗೆ ದೊರೆತ ಒಲಿಂಪಿಕ್ ಚಿನ್ನ ಅದೊಂದೇ. ಇಷ್ಟು ಶಾಲೆಗಳು, ಇಷ್ಟು ವರ್ಷಗಳ ಶುಲ್ಕ, ಚಿನ್ನ ಒಂದು! ಹಣವಿದ್ದಲ್ಲೆಲ್ಲ ಬೆಳೆ ಬರುವುದಿಲ್ಲ. ಆದರೆ ಶಾಲೆಯಲ್ಲಿ ಆ ಕತ್ತಿ ಇಲ್ಲದಿದ್ದರೆ ಶೀನ್ ಎಂಬ ಹೆಸರೂ ಇರುತ್ತಿರಲಿಲ್ಲವೇನೋ.

ನಮ್ಮ ನೆರೆಯ ಚೆನ್ನೈಯಲ್ಲಿ ಇದೇ ಆಟದ ಬಾಗಿಲು ತೆರೆದ ಬಗೆಯೇ ಬೇರೆ. 2004ರಲ್ಲಿ ಭವಾನಿ ದೇವಿ ಎಂಬ ಬಾಲಿಕೆ ಶಾಲೆಯಲ್ಲಿ ಆಟಕ್ಕೆ ಹೆಸರು ಕೊಡಹೋದಾಗ ಉಳಿದ ಆಟಗಳ ಜಾಗವೆಲ್ಲ ತುಂಬಿತ್ತು. ಬೇರಾರಿಗೂ ಬೇಡವಾದ ಕತ್ತಿವರಸೆ ಆಕೆಯ ಪಾಲಿಗೆ ಬಂತು. ಅಲಗು ಉಳಿಸುವ ಸಲುವಾಗಿ ಬಿದಿರುಕೋಲಿನಿಂದ ಅಭ್ಯಾಸ. ಮಗಳ ಆಟಕ್ಕಾಗಿ ತಾಯಿಯ ಒಡವೆ ಗಿರವಿಗೆ ಹೋಯಿತು. ಅಲ್ಲಿ ಶುಲ್ಕದೊಡನೆ ಬರುವ ಸೌಕರ್ಯ ಇಲ್ಲಿ ಮನೆಯ ಚಿನ್ನ ಕೇಳಿತು. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಕತ್ತಿವರಸೆಗಾರ್ತಿಯಾಗಿ ಆಕೆ 2021ರಲ್ಲಿ ಟೋಕಿಯೋದಲ್ಲಿ ಸೇಬರ್ ಹಿಡಿದು ನಿಂತರು. ಮೊದಲ ಪಂದ್ಯದಲ್ಲಿ ಟ್ಯುನೀಷಿಯದ ಸ್ಪರ್ಧಿಯ ಮೇಲೆ 15-3ರ ಗೆಲವು. ಎರಡನೆಯದರಲ್ಲಿ ಫ್ರಾನ್ಸಿನ ಮನೋನ್ ಬ್ರೂನೇ ಎದುರು 7-15ರ ಸೋಲು.