ಕುಬುಸಕ್ಕೂ ಮೊದಲೇ ಮೂಡುವ ಮೆದುಳು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಮಗಳೋ ಸೊಸೆಯೋ ಬಸುರಿಯಾದಳೆಂದರೆ ಐದು, ಏಳು ಇಲ್ಲವೇ ಒಂಬತ್ತನೆಯ ತಿಂಗಳಲ್ಲಿ ಕುಬುಸದ ಕಾರ್ಯ ನಡೆಯುತ್ತದೆ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಹೋಳಿಗೆ-ಕಡುಬಿನ ಊಟ. ‘ಎರಡು ಜೀವದಾಕಿ, ಹೊಟ್ಟಿ ತುಂಬ ಉಣ್ಣಲಿ’ ಎಂದು ಮನೆಮಂದಿಯೆಲ್ಲ ಉಪಚರಿಸುತ್ತಾರೆ. ಒಳ್ಳೆಯ ಪದ್ಧತಿಯೇ ಸರಿ. ಆದರೆ ಹೊಟ್ಟೆಯೊಳಗಿನ ಕೂಸಿನ ಮೆದುಳು ಕುಬುಸದ ತನಕ ಕಾಯುವುದಿಲ್ಲ. ಅದರ ತಳಪಾಯ ಮೊದಲ ತಿಂಗಳಿನಲ್ಲೇ ಬಿದ್ದಿರುತ್ತದೆ. ಬಹಳ ಸಲ, ತಾನು ಬಸುರಿ ಎಂಬುದು ಆಕೆಗೇ ಖಚಿತವಾಗುವ ಮೊದಲೇ!

ಕಡುಬಿನ ಅಂಚು

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಕಡೆ ಜೀವಕೋಶಗಳ ಒಂದು ಚಪ್ಪಟೆ ಪಟ್ಟಿ ಕಾಣಿಸಿಕೊಳ್ಳುತ್ತದೆ. ಅದರ ನಡುವೆ ಕಾಲುವೆಯಂತೆ ತಗ್ಗು ಬೀಳುತ್ತದೆ. ಎರಡೂ ಅಂಚುಗಳು ಮೇಲೆದ್ದು, ಒಂದರತ್ತ ಒಂದು ಬಾಗಿ, ಕೊನೆಗೆ ಕೂಡಿಕೊಳ್ಳುತ್ತವೆ. ಪಟ್ಟಿ ಹೋಗಿ ಕೊಳವೆಯಾಯಿತು! ಇದೇ ನರಕೊಳವೆ. ಇದರ ಮೇಲಿನ ತುದಿ ಉಬ್ಬಿ ಮೆದುಳಾಗುತ್ತದೆ, ಉಳಿದದ್ದು ಬೆನ್ನುಹುರಿಯಾಗುತ್ತದೆ. ಸುಮಾರು 28ನೆಯ ದಿನಕ್ಕೆ ಈ ಕೆಲಸ ಮುಗಿದಿರುತ್ತದೆ. ಆಗ ಭ್ರೂಣದ ಗಾತ್ರ ಒಂದು ಎಳ್ಳುಕಾಳಿನಷ್ಟು; ತಾಯಿಗೆ ಮುಟ್ಟಿನ ದಿನ ದಾಟಿ ಎರಡು ವಾರ ಆಗಿರುತ್ತದಷ್ಟೆ.

ಅಡುಗೆಮನೆಯಲ್ಲಿ ಅವ್ವ ಕರಿಗಡಬು ಮಾಡುವಾಗ ಮಕ್ಕಳು ಗಮನಿಸಬೇಕು. ಲಟ್ಟಿಸಿದ ಹಾಳೆಯನ್ನು ಮಡಿಚಿ ಅಂಚನ್ನು ಒತ್ತಿ ಮುಚ್ಚುತ್ತಾಳೆ. ಅಂಚು ಎಲ್ಲಾದರೂ ಬಿಟ್ಟುಕೊಂಡರೆ ಹೂರಣ ಎಣ್ಣೆಗೆ ಬೀಳುತ್ತದೆ. ನರಕೊಳವೆಯ ಅಂಚು ಕೂಡದಿದ್ದರೂ ಹೀಗೆಯೇ ಅನಾಹುತ. ಕೆಳಗಡೆ ತೆರೆದು ಉಳಿದರೆ ಮಗು ಬೆನ್ನುಹುರಿಯ ದೋಷದೊಂದಿಗೆ ಹುಟ್ಟುತ್ತದೆ, ಕಾಲುಗಳಲ್ಲಿ ಬಲವಿಲ್ಲದಿರಬಹುದು. ಮೇಲ್ಗಡೆ ತೆರೆದು ಉಳಿದರೆ ಮೆದುಳು ಸರಿಯಾಗಿ ಬೆಳೆಯದೆ ಮಗು ಬದುಕುವುದೇ ಇಲ್ಲ.

ಯಾರು ಏನಾಗಬೇಕು?

ಕೊಳವೆಯಾದ ಮೇಲೆ ಇನ್ನೊಂದು ಸೋಜಿಗ ಶುರುವಾಗುತ್ತದೆ. ದೊಡ್ಡವರ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮೊದಲಿಗೆ ಒಂದೇ ಬಗೆಯಾಗಿ ಕಾಣುವ ಕೋಶಗಳಲ್ಲಿ ಯಾವುದು ನೆನಪಿನ ಭಾಗವಾಗಬೇಕು, ಯಾವುದು ನೋಟದ ಭಾಗವಾಗಬೇಕು ಎಂದು ನಿರ್ಧರಿಸುವವರು ಯಾರು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನರವಿಜ್ಞಾನಿ ಶುಭಾ ಟೋಳೆ. ಇಲಿಯ ಭ್ರೂಣಗಳಲ್ಲಿ ಅವರ ತಂಡ ‘ಎಲ್‌ಎಚ್‌ಎಕ್ಸ್-2’ ಎಂಬ ವಂಶವಾಹಿಯನ್ನು ಪರೀಕ್ಷಿಸಿತು. ಈ ವಂಶವಾಹಿ ಇರುವ ಕೋಶ ಮೆದುಳಿನ ಹೊರಪದರವಾಗುತ್ತದೆ. ಇಲ್ಲದ ಕೋಶ ಬೇರೆಯೇ ದಾರಿ ಹಿಡಿದು, ಸುತ್ತಲಿನವರಿಗೆ ಅಪ್ಪಣೆ ಕೊಡುವ ಮೇಸ್ತ್ರಿಯಾಗುತ್ತದೆ! ಅದರ ಪಕ್ಕದ ಕೋಶಗಳು ಆ ಅಪ್ಪಣೆಯಂತೆ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗವನ್ನು ಕಟ್ಟುತ್ತವೆ. ಭ್ರೂಣದಲ್ಲಿ ಅಲ್ಲಲ್ಲಿ ಈ ವಂಶವಾಹಿಯನ್ನು ತೆಗೆದುಹಾಕಿದಾಗ ಒಂದೆರಡಲ್ಲ, ಹೆಚ್ಚುವರಿ ಹಿಪ್ಪೊಕ್ಯಾಂಪಸ್‌ಗಳೇ ಮೂಡಿದವು. ಈ ಸಂಶೋಧನೆ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2014ರಲ್ಲಿ ಬೆಂಗಳೂರಿನ ಇನ್ಫೊಸಿಸ್ ವಿಜ್ಞಾನ ಪ್ರತಿಷ್ಠಾನ ಟೋಳೆಯವರಿಗೆ ಜೀವವಿಜ್ಞಾನದ ಬಹುಮಾನ ನೀಡಿತು.

ಇದರಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ ಕಾಲ. ಇಲಿಯ ಗರ್ಭಕಾಲ ಸುಮಾರು ಮೂರು ವಾರ. ಹತ್ತನೆಯ ದಿನದ ಆಸುಪಾಸಿಗೆ ಮೊದಲು ವಂಶವಾಹಿ ತೆಗೆದರೆ ಮಾತ್ರ ಹೊರಪದರವಾಗಬೇಕಾದ ಕೋಶ ಮೇಸ್ತ್ರಿಯಾಗುತ್ತದೆ. ಆ ಮೇಲೆ ತೆಗೆದರೆ ಹಾಗಾಗುವುದಿಲ್ಲ. ಮಿರಗದ ಮಳೆಗೆ ಬಿತ್ತಬೇಕಾದ ತೊಗರಿಯನ್ನು ದೀಪಾವಳಿಗೆ ಬಿತ್ತಿದರೆ ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲವಷ್ಟೆ? ಮೆದುಳಿನ ಬೆಳವಣಿಗೆಗೂ ಇಂಥ ಹದಗಳಿವೆ.

ಮನುಷ್ಯರ ಭ್ರೂಣದ ಮೆದುಳನ್ನು ಅರಿಯುವ ಪ್ರಯತ್ನವೂ ನಡೆದಿದೆ. ಮದ್ರಾಸ್ ಐಐಟಿಯ ಮೆದುಳು ಸಂಶೋಧನಾ ಕೇಂದ್ರ 2024ರ ಡಿಸೆಂಬರ್‌ನಲ್ಲಿ ‘ಧರಣಿ’ ಎಂಬ ನಕಾಶೆಯನ್ನು ಬಿಡುಗಡೆ ಮಾಡಿತು. ಗರ್ಭಾವಸ್ಥೆಯ ನಡುವಿನ ತಿಂಗಳುಗಳ ಮೆದುಳುಗಳ 5,132 ತೆಳು ಪದರಗಳ ಚಿತ್ರಗಳು ಅದರಲ್ಲಿವೆ. ಇನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ವಸ್ತುಸಂಗ್ರಹಾಲಯವೇ ಇದೆ. ಶಾಲೆಯ ಪ್ರವಾಸ ಬೆಂಗಳೂರಿಗೆ ಹೋದರೆ ಮಕ್ಕಳು ಅದನ್ನು ನೋಡದೆ ಬರಬಾರದು.

ಸೊಪ್ಪಿನಲ್ಲಿದ್ದ ಗುಟ್ಟು

ನರಕೊಳವೆ ಸರಿಯಾಗಿ ಮುಚ್ಚಿಕೊಳ್ಳಲು ಬೇಕಾದ ಒಂದು ಜೀವಸತ್ವ ಫೋಲಿಕ್ ಆಮ್ಲ. ಇದರ ಕಥೆ ಆರಂಭವಾದದ್ದು ನಮ್ಮ ದೇಶದಲ್ಲೇ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡುಕೊಂಡರು. ಆ ಸಾರದಲ್ಲಿದ್ದ ಗುಣವೇ ಮುಂದೆ ಫೋಲಿಕ್ ಆಮ್ಲವೆಂದು ತಿಳಿದುಬಂತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾಯಿತು. ‘ಎಲೆ’ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಹೆಸರು ಬಂತು.

1991ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಹೊರಬಿತ್ತು. ಹಿಂದೆ ನರಕೊಳವೆ ದೋಷದ ಬಸಿರು ಕಂಡಿದ್ದ 1,817 ಮಹಿಳೆಯರು ಏಳು ದೇಶಗಳಿಂದ ಅದರಲ್ಲಿ ಪಾಲ್ಗೊಂಡಿದ್ದರು. ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದವರಲ್ಲಿ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಗಿತ್ತು. ಎಲ್ಲ ದೋಷಗಳನ್ನೂ ಇದು ತಡೆಯದು. ಮೂರ್ಛೆರೋಗದ ಕೆಲವು ಔಷಧಿ, ವಂಶದ ಕಾರಣಗಳೂ ಇರುತ್ತವೆ. ಆದ್ದರಿಂದ ಇಂಥ ಮಗು ಹುಟ್ಟಿದಾಗ ತಾಯಿಯನ್ನು ದೂರುವುದು, ಗ್ರಹಣದ ಮೇಲೆ ಹಾಕುವುದು ಎರಡೂ ತಪ್ಪು. ಮುಂದಿನ ಬಸಿರಿಗೆ ಮೊದಲೇ ವೈದ್ಯರನ್ನು ಕಾಣುವುದು ಸರಿಯಾದ ದಾರಿ.

ನೀಲಿ ಗುಳಿಗೆ

ಈ ಭಾಗದ ತಾಟಿನಲ್ಲಿ ಫೋಲಿಕ್ ಆಮ್ಲಕ್ಕೆ ಬರವಿಲ್ಲ. ತೊಗರಿಬೇಳೆ, ಹೆಸರು, ಕಡಲೆ, ಶೇಂಗಾ, ಮೆಂತ್ಯದ ಪಲ್ಯ ಎಲ್ಲದರಲ್ಲೂ ಅದಿದೆ. ಅದು ನೀರಿಗೆ ಇಳಿಯುವ ಸತ್ವವಾದ್ದರಿಂದ ಬೇಳೆಯ ಕಟ್ಟನ್ನು ಚೆಲ್ಲದೆ ಸಾರು ಮಾಡುವುದು ಜಾಣತನ. ಆದರೆ ಹೆಚ್ಚು ಕುದಿಸಿದಷ್ಟೂ ಸತ್ವ ನಷ್ಟವಾಗುತ್ತದೆ. ಊಟವೊಂದೇ ಸಾಲದು, ಗುಳಿಗೆಯೂ ಬೇಕು. ಗರ್ಭ ಬಯಸುವ ಮಹಿಳೆಗೆ ದಿನಕ್ಕೆ 400 ಮೈಕ್ರೊಗ್ರಾಂ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಕಬ್ಬಿಣಾಂಶವೂ ಇರುತ್ತವೆ. ಕೆಲವು ಮಕ್ಕಳು ಮೂಗು ಮುರಿದು ಅದನ್ನು ಕಿಟಕಿಯಾಚೆ ಎಸೆಯುವುದುಂಟು. ಹೊಟ್ಟೆ ತೊಳಸುತ್ತದೆ ಎನ್ನುವವರು ಊಟದ ನಂತರ ನುಂಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮಗಳು ಇನ್ನೂ ಬೆಳೆಯುತ್ತಿರುವಾಗಲೇ, ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದರೆ ಅವಳ ಮೈಗೂ ಸಾಲದು, ಕೂಸಿನ ಮೆದುಳಿಗೂ ಸಾಲದು.

ಪಾಲಕರು ಕುಬುಸವನ್ನು ಸಡಗರದಿಂದಲೇ ಮಾಡಲಿ. ಜೊತೆಗೆ, ಮದುವೆಯ ಮಾತು ಮುಗಿದೊಡನೆ ಮಗಳನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಲಿ, ಫೋಲಿಕ್ ಆಮ್ಲದ ಗುಳಿಗೆ ಕೇಳಿ ಪಡೆಯಲಿ. ಗಂಡನ ಮನೆಗೆ ಕಳಿಸುವ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆಗೆ ಆ ಗುಳಿಗೆಯ ಚೀಟಿಯೂ ಇರಲಿ.