ಕಟ್ಟೆ ಬತ್ತಿದಾಗ ಮಾತ್ರ ನೆನಪಾಗುವ ಊರು

ಕನ್ನಂಬಾಡಿ ಕಟ್ಟೆಯ ನೀರು ಇಳಿದ ವರ್ಷ ಎರಡು ಬಗೆಯ ಸುದ್ದಿ ಹುಟ್ಟುತ್ತವೆ. ಒಂದು, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಮಂಡ್ಯ ಸೀಮೆಯ ರೈತರ ಆತಂಕ. ಇನ್ನೊಂದು, ಹಿನ್ನೀರಿನಲ್ಲಿ ಹಳೆಯ ಕಲ್ಲುಗಳು ಕಂಡವಂತೆ, ಹೋಗಿ ನೋಡೋಣ ಎಂಬ ಸಂಭ್ರಮ. 2023ರಲ್ಲಿ ಮಳೆ ಕೈಕೊಟ್ಟು ಮಂಡ್ಯದ ರೈತರು ಕಾವೇರಿಗಾಗಿ ಬೀದಿಗಿಳಿದದ್ದು ನಮಗೆಲ್ಲ ನೆನಪಿದೆ. ಬೆಳೆ ಒಣಗಿದಾಗಲೇ ಇತಿಹಾಸ ಕಾಣಬೇಕು ಎಂದರೆ, ನಾವು ಬರಗಾಲಕ್ಕೆ ಕಾದು ಕೂತ ಓದುಗರು ಎಂದಾಯಿತು. ಇದು ನನಗೆ ಒಪ್ಪಿಗೆಯಿಲ್ಲ.

ನನ್ನ ವಾದ ಇಷ್ಟೇ. ನೀರಿನಡಿಯ ಊರನ್ನು ಅರಿಯಬೇಕೆನ್ನುವವರು ನೀರಿಗೆ ಇಳಿಯಬೇಕು. ಅದಕ್ಕೊಂದು ವಿದ್ಯೆ ಇದೆ, ಸ್ಕೂಬಾ ಡೈವಿಂಗ್. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಮೀನು ನೋಡಿ ಬರುವುದಕ್ಕೆ ನಾವು ಆ ವಿದ್ಯೆಯನ್ನು ಬಳಸುತ್ತಿದ್ದೇವೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದ ಮೇಲೆ ಅದು ಇನ್ನಷ್ಟು ಜನರ ಆಸೆಯಾಯಿತು. ಆದರೆ ಸಂಶೋಧನೆಯ ಸಾಧನವಾಗಿ ಅದನ್ನು ಕಲಿಯಬೇಕೆಂದು ನಮ್ಮ ಇತಿಹಾಸ ವಿಭಾಗಗಳಿಗೂ ಕನ್ನಡ ವಿಭಾಗಗಳಿಗೂ ಅನ್ನಿಸಿದಂತಿಲ್ಲ. ಮುಳುಗಡೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನಾನು ವಿಚಾರ ಸಂಕಿರಣವೊಂದರಲ್ಲಿ ಈ ಮಾತೆತ್ತಿದಾಗ ಸಿಕ್ಕ ಉತ್ತರ: "ಅಮ್ಮಾ, ಮುಳುಗಿದ್ದು ಮುಗೀತು. ದಡದ ಮೇಲಿರೋದನ್ನ ಬರಿ."

ಮುಳುಗಿದ್ದು ಮುಗಿದದ್ದಲ್ಲ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಕೃಷ್ಣರಾಜಸಾಗರವನ್ನು ಇಲ್ಲಿಯ ಜನ ಇವತ್ತಿಗೂ ಕನ್ನಂಬಾಡಿ ಕಟ್ಟೆ ಅಂತಲೇ ಕರೆಯುತ್ತಾರೆ. ಊರನ್ನು ಮುಳುಗಿಸಿದ ಕಟ್ಟೆಗೇ ಆ ಊರಿನ ಹೆಸರು. ಹಿನ್ನೀರಿನ ದಡದಲ್ಲಿ ಮಾತಿಗೆ ಸಿಕ್ಕ ಅಜ್ಜಿಯೊಬ್ಬರು ನನಗೆ ಹೇಳಿದ್ದು: "ಊರೆಲ್ಲೂ ಹೋಗಿಲ್ಲ ಕನವ್ವ, ನೀರು ಬಂದದೆ ಅಷ್ಟೆಯ." ಪ್ರಾಧ್ಯಾಪಕರ ಮಾತಿಗಿಂತ ಇದು ಹೆಚ್ಚು ಶಾಸ್ತ್ರೀಯ.

ಈ ನೀರಿನಿಂದ ಏನೇನು ಮೇಲೆ ಬಂತು ಎಂದು ನೋಡಿ. 1794ರ ಟಿಪ್ಪುವಿನ ಪಾರ್ಸಿ ಶಾಸನ ಕಟ್ಟೆಯ ಕೆಲಸದ ಹೊತ್ತಿನಲ್ಲಿ ಸಿಕ್ಕಿತು, ಅದನ್ನು ಜೋಪಾನ ಮಾಡಿ ನಿಲ್ಲಿಸಿದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನ ಕಲ್ಲುಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿತು. ಅದು ದೊಡ್ಡ ಕೆಲಸ, ನನ್ನ ತಕರಾರಿಲ್ಲ. ಆದರೆ ರಾಜನ ಕಲ್ಲು ಬಂತು, ದೇವರ ಕಲ್ಲು ಬಂತು, ಜನರದ್ದು? ಸೇದುವ ಬಾವಿ ಎಲ್ಲಿತ್ತು? ಕಣ ಯಾವ ಕಡೆಗಿತ್ತು? ಹೊಲಗೇರಿಯಿಂದ ಹೊಳೆಗೆ ಇಳಿಯುವ ದಾರಿ ಯಾವುದು? ಊರಮ್ಮನ ಗುಡಿಗೂ ಸ್ಮಶಾನಕ್ಕೂ ಎಷ್ಟು ದೂರ? ದೇವಾಲಯದ ನಕ್ಷೆ ಇರುವ ಊರಿಗೆ ಮನೆಗಳ ನಕ್ಷೆಯೂ ಬೇಡವೇ?

ಸಾಹಿತ್ಯದವರಾದ ನಮ್ಮ ಪಾಲೂ ಇದರಲ್ಲಿದೆ. ಶರಾವತಿಗೆ ನಾ. ಡಿಸೋಜ ಇದ್ದರು, 'ಮುಳುಗಡೆ', 'ದ್ವೀಪ' ಬರೆದು ಅಲ್ಲಿನ ಮನುಷ್ಯರನ್ನು ಉಳಿಸಿಕೊಟ್ಟರು. ಅವರ ನಂತರ ಬಂದ ನಾವು ಮುಳುಗಡೆಯನ್ನು ರೂಪಕ ಮಾಡಿಕೊಂಡೆವು. ಮುಳುಗಿದ ಗಂಟೆ, ಮುಳುಗಿದ ಕನಸು, ಮುಳುಗಿದ ತಾಯಿ. ಗೊರೂರಿನ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು ಮದುವೆಗೆ ಮುಂಚಿನ ಫೋಟೊಗಳಿಗೆ ಹಿನ್ನೆಲೆಯಾದದ್ದನ್ನು ಗೇಲಿ ಮಾಡುವ ಕವಿಗಳೂ ಅದನ್ನೇ ಮಾಡುತ್ತಿದ್ದಾರೆ. ಕ್ಯಾಮೆರಾ ಇಲ್ಲ, ಅಷ್ಟೇ ವ್ಯತ್ಯಾಸ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ? ಕೆನಡಾದ ಟೋಬರ್ಮೋರಿ ಎಂಬ ಊರಿನ ಬಂದರಿನಲ್ಲಿ, ದಡದ ಮಗ್ಗುಲಲ್ಲೇ, ಸುಮಾರು 20 ಅಡಿ ಸಿಹಿನೀರಿನಲ್ಲಿ ಸ್ವೀಪ್‌ಸ್ಟೇಕ್ಸ್ ಎಂಬ ಹಾಯಿಹಡಗು ಮಲಗಿದೆ. 1867ರಲ್ಲಿ ಕಟ್ಟಿದ್ದು, 1885ರಲ್ಲಿ ಮುಳುಗಿದ್ದು. ಮರ ಕೊರೆಯುವ ಕಡಲಹುಳು ಸಿಹಿನೀರಿನಲ್ಲಿ ಇರದ ಕಾರಣ ಹಡಗಿನ ಒಡಲು ಇನ್ನೂ ಉಳಿದಿದೆ. ಅದು ರಾಜನ ಹಡಗಲ್ಲ, ಸರಕು ಸಾಗಿಸುತ್ತಿದ್ದ ಸಾಮಾನ್ಯ ಹಡಗು. ಆದರೂ ಅದನ್ನು ರಾಷ್ಟ್ರೀಯ ಉದ್ಯಾನದೊಳಗೆ ಇಟ್ಟು ಕಾಯುತ್ತಾರೆ. ಡೈವರ್‌ಗಳು ಹೆಸರು ನೋಂದಾಯಿಸಿ ಇಳಿಯಬೇಕು, ಏನನ್ನೂ ಎತ್ತಿ ತರುವಂತಿಲ್ಲ. ನೀರಿನಡಿಯ ಸಾಮಾನ್ಯರ ಬದುಕೂ ಪರಂಪರೆಯೇ ಎಂದು ಒಪ್ಪಿದ ಮೇಲೆ ಬರುವ ಶಿಸ್ತು ಇದು.

ಆಕ್ಷೇಪಗಳು ನನಗೆ ಗೊತ್ತು. ಕಾವೇರಿ ಕದಡಿದ ನೀರು, ಚಾಚಿದ ಕೈ ಕಾಣುವುದಿಲ್ಲ. ನಿಜ. ಹಾಗಾಗಿ ಮೊದಲು ದೋಣಿಯಿಂದ ಸೋನಾರ್ ಹಾಯಿಸಿ ತಳದ ನಕ್ಷೆ ಮಾಡಬೇಕು, ಆಮೇಲೆ ಗುರುತಾದ ಕಡೆ ಮಾತ್ರ ಇಳಿಯಬೇಕು. ಅಪಾಯವಿಲ್ಲವೇ? ಇದೆ. ಮೀನುಬಲೆ ಸಿಕ್ಕಿಕೊಳ್ಳುತ್ತದೆ. ರೆಕ್ಕೆಗಾಲು ಒಮ್ಮೆ ಜೋರಾಗಿ ಬಡಿದರೆ ಹೂಳೆದ್ದು ಕತ್ತಲಾಗುತ್ತದೆ. ಕಟ್ಟೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಕಡಲಿನ ಡೈವಿಂಗ್ ಲೆಕ್ಕವೂ ಇಲ್ಲಿ ಹಾಗೇ ನಡೆಯುವುದಿಲ್ಲ. ಆದ್ದರಿಂದಲೇ ಇದು ಹುಡುಗರು ವಾರಾಂತ್ಯಕ್ಕೆ ಧುಮುಕುವ ಕೆಲಸವಲ್ಲ. ಪ್ರವಾಸೋದ್ಯಮದ ಕೈಗೂ ಕೊಡಬಾರದು. ತರಬೇತಾದ ನಾಲ್ಕು ಜನ, ಕಟ್ಟೆಯ ಆಡಳಿತದ ಅನುಮತಿ, ಒಂದು ದೋಣಿ ಸಾಕು. ನೀರು ಇಳಿದಾಗ ಬರುವ ನಿಧಿಗಳ್ಳರಿಗಿಂತ ಮುಂಚೆ ನಾವು ಹೋಗಬೇಕು.

ಇದು ನಮ್ಮಿಂದಾಗದ ಕೆಲಸವೂ ಅಲ್ಲ. ಲೋಥಾಲನ್ನು ಅಗೆದ ಶಿಕಾರಿಪುರ ರಂಗನಾಥ ರಾವ್ ಕನ್ನಡಿಗರು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಜೊತೆ ದ್ವಾರಕೆಯ ಕಡಲಿನಲ್ಲಿ ಸಂಶೋಧನೆ ನಡೆಸಿದವರು ಅವರೇ. ಭಾರತೀಯ ಪುರಾತತ್ವ ಸರ್ವೇಕ್ಷಣೆಯಲ್ಲಿ ನೀರಿನಡಿಯ ಶೋಧಕ್ಕೆಂದೇ ಒಂದು ವಿಭಾಗವಿದೆ. ಕೃಷ್ಣನ ಊರಿಗೆ ಇಳಿದ ವಿದ್ಯೆ ಕನ್ನಂಬಾಡಿಯ ಒಕ್ಕಲಿನ ಊರಿಗೆ ಯಾಕೆ ಇಳಿಯಬಾರದು? ಯುನೆಸ್ಕೊದ 2001ರ ಒಡಂಬಡಿಕೆ, ಕನಿಷ್ಠ 100 ವರ್ಷ ನೀರಿನಡಿ ಇದ್ದ ಮನುಷ್ಯರ ಕುರುಹುಗಳನ್ನೆಲ್ಲ ಪರಂಪರೆ ಎನ್ನುತ್ತದೆ. ಹಳೆ ಕನ್ನಂಬಾಡಿ ಆ ಗೆರೆ ದಾಟುವ ಹೊತ್ತಿನಲ್ಲಿದೆ.

ಡೈವರ್ ತರುವ ಅಳತೆಗೆ ಊರಿನವರ ನೆನಪು ಸೇರದಿದ್ದರೆ ಅದು ಬರಿಯ ಕಲ್ಲಿನ ಪಟ್ಟಿ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಿನ್ನೀರಿನ ಹಳ್ಳಿಗಳಲ್ಲಿ ತಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಹಳೆಯ ಊರಿನ ಮಾತು ಕೇಳಿ ಬೆಳೆದವರು ಇನ್ನೂ ಇದ್ದಾರೆ. ಅವರ ಮುಂದೆ ತಳದ ನಕ್ಷೆ ಹರಡಿ, ಇದು ಯಾರ ಹಟ್ಟಿ, ಇದು ಯಾವ ಬೀದಿ ಎಂದು ಕೇಳಬೇಕು. ಪ್ರತಿ ಮುಂಗಾರಿಗೂ ತಳದಲ್ಲಿ ಹೂಳು ಕೂರುತ್ತಿದೆ, ದಡದಲ್ಲಿ ನೆನಪಿರುವವರು ಕಡಿಮೆಯಾಗುತ್ತಿದ್ದಾರೆ. ಮುಂದಿನ ಬರಗಾಲದವರೆಗೆ ಕಾಯೋಣ ಎನ್ನುವವರು ಈ ಎರಡರ ಲೆಕ್ಕವನ್ನೂ ಹಾಕಿಕೊಂಡು ಹೇಳಲಿ.