ಹಸಿರು ಚುಕ್ಕೆ ಇದ್ದರೆ ಹಾಲಿನ ಅಲರ್ಜಿ ಇರುವವರು ತಿನ್ನಬಹುದೇ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ಯಾವ ಊರಿನ ಕಿರಾಣಿ ಅಂಗಡಿಗೆ ಹೋದರೂ ಬಿಸ್ಕತ್ತು, ಬ್ರೆಡ್, ಚಾಕೊಲೇಟ್, ಚಿಪ್ಸ್ ಪೊಟ್ಟಣಗಳು ಸಿಗುತ್ತವೆ. ‘ಹಸಿರು ಚುಕ್ಕೆ ಇದೆ, ಪ್ರಾಣಿಯಿಂದ ಬಂದದ್ದೇನೂ ಇಲ್ಲ’ ಎಂದುಕೊಂಡು ಹಾಲಿನ ಅಲರ್ಜಿ ಇರುವ ಮಗುವಿನ ಕೈಗೆ ಅದನ್ನು ಕೊಟ್ಟರೆ ಅಪಾಯ.

ಹಸಿರು ಚುಕ್ಕೆಯ ಅರ್ಥವೇನು?

ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ನಮ್ಮ ದೇಶದ ನಿಯಮದಲ್ಲಿ ಹಾಲು, ಮೊಸರು, ತುಪ್ಪ ಎಲ್ಲವೂ ಸಸ್ಯಾಹಾರವೇ. ಹಾಲಿನ ಪುಡಿ ಸೇರಿದ ತಿನಿಸಿನ ಪೊಟ್ಟಣಕ್ಕೂ ಹಸಿರು ಚುಕ್ಕೆ ಇರಬಹುದು.

ಹಾಗಾದರೆ ಎಲ್ಲಿ ನೋಡಬೇಕು?

ಪೊಟ್ಟಣದ ಹಿಂಬದಿ, ಪದಾರ್ಥಗಳ ಪಟ್ಟಿಯ ಹತ್ತಿರ. ಎಫ್‌ಎಸ್‌ಎಸ್‌ಎಐ 2020ರಲ್ಲಿ ಹೊರಡಿಸಿದ ಲೇಬಲ್ ನಿಯಮದ ಪ್ರಕಾರ ಹಾಲು ಸೇರಿದ್ದರೆ ‘ಕಂಟೈನ್ಸ್ ಮಿಲ್ಕ್’ ಎಂದು ನಮೂದಿಸಬೇಕು. ತೊಡಕು ಇರುವುದು ಭಾಷೆಯಲ್ಲಿ. ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಓದಲು ಬಾರದಿದ್ದರೆ ಅಂಗಡಿಯವರಿಂದಲೋ ಶಾಲೆಗೆ ಹೋಗುವ ಮಕ್ಕಳಿಂದಲೋ ಓದಿಸಿಕೊಳ್ಳಿ.

ಪಟ್ಟಿಯಲ್ಲಿ ಈ ಪದಗಳಿದ್ದರೂ ಹಾಲು ಇದೆ ಎಂದೇ ಅರ್ಥ:

• ಮಿಲ್ಕ್ ಸಾಲಿಡ್ಸ್, ಮಿಲ್ಕ್ ಪೌಡರ್
• ವೇ (ಹಾಲು ಒಡೆದಾಗ ಉಳಿಯುವ ನೀರಿನಿಂದ ಮಾಡಿದ್ದು)
• ಕೇಸೀನ್, ಕೇಸಿನೇಟ್ (ಹಾಲಿನ ಪ್ರೋಟೀನ್)
• ಬಟರ್, ಘೀ, ಚೀಸ್, ಖೋವಾ

‘ಮೇ ಕಂಟೈನ್ ಮಿಲ್ಕ್’ ಎಂದಿದ್ದರೆ ತಯಾರಿಸುವಾಗ ಹಾಲಿನ ಅಂಶ ತಗುಲಿರಬಹುದು ಎಂಬ ಎಚ್ಚರಿಕೆ. ಅದನ್ನೂ ಬಿಡುವುದೇ ಒಳ್ಳೆಯದು.

ಆಡಿನ ಹಾಲು, ಎಮ್ಮೆ ಹಾಲು ಆಗುತ್ತದೆಯೇ?

ಸಾಮಾನ್ಯವಾಗಿ ಆಗುವುದಿಲ್ಲ. ಈ ಹಾಲುಗಳ ಪ್ರೋಟೀನ್‌ಗಳು ಆಕಳ ಹಾಲಿನವುಗಳನ್ನೇ ಬಹಳ ಹೋಲುತ್ತವೆ. ‘ಲ್ಯಾಕ್ಟೋಸ್ ಫ್ರೀ’ ಹಾಲೂ ಪರಿಹಾರವಲ್ಲ. ಅದರಲ್ಲಿ ಇಲ್ಲದಿರುವುದು ಹಾಲಿನ ಸಕ್ಕರೆ, ಅಲರ್ಜಿ ತರುವುದು ಪ್ರೋಟೀನ್. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ, ಅಲರ್ಜಿ ಬೇರೆ.

ಆಲ್ಫಾ-ಗ್ಯಾಲ್ ಎಂಬ ಇನ್ನೊಂದು ಅಲರ್ಜಿಯೂ ಇದೆ. ಕೆಲವು ಜಾತಿಯ ಉಣ್ಣೆ ಹುಳ ಕಚ್ಚಿದ ಮೇಲೆ ಇದು ಬರಬಹುದು. ಇವರಿಗೆ ಕುರಿ, ಆಡಿನಂಥ ಸಸ್ತನಿಗಳ ಮಾಂಸ ಆಗದು, ಕೆಲವರಿಗೆ ಹಾಲೂ ಆಗದು. ತಿಂದು ಹಲವು ಗಂಟೆಗಳ ನಂತರ ಲಕ್ಷಣ ಕಾಣುವುದರಿಂದ ಕಾರಣ ಗೊತ್ತಾಗುವುದು ಕಷ್ಟ.

ಬಿಡಿ ತಿನಿಸು ಕೊಳ್ಳುವಾಗ?

ಬೇಕರಿಯ ಬನ್ನು, ಅಂಗಡಿಯ ಪೇಡೆಗೆ ಲೇಬಲ್ಲೇ ಇರುವುದಿಲ್ಲ. ಖಚಿತವಿಲ್ಲದಿದ್ದರೆ ಬೇಡ. ಜೋಳದ ರೊಟ್ಟಿ, ತೊಗರಿ ಬೇಳೆಯಂಥ ನಮ್ಮ ಊಟದಲ್ಲಿ ಬೆಣ್ಣೆ, ತುಪ್ಪ ಸೇರಿಸದಿದ್ದರೆ ಹಾಲಿನ ಅಂಶವಿಲ್ಲ. ಆದರೆ ವೈದ್ಯರನ್ನು ಕೇಳದೆ ಕೂಸಿಗೆ ಹಾಲು ನಿಲ್ಲಿಸಬೇಡಿ.

ತಿಂದ ಮೇಲೆ ಮುಖ, ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು. ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ನಾವು ಹೇಳುವುದಿಷ್ಟೇ: ಹಸಿರು ಚುಕ್ಕೆ ಅಲರ್ಜಿಯ ಗುರುತಲ್ಲ, ಪೊಟ್ಟಣವನ್ನು ತಿರುಗಿಸಿ ಓದಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.